ವಿರೋಧಪಕ್ಷದ ಪೀಠವೂ ನುಡಿಯ ಬೆಲೆಯೂ

ರಾಜ್ಯಾಡಳಿತದ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಆಳುವವರ ಗುಣದೋಷಗಳನ್ನೇ ಎಣಿಸುತ್ತೇವೆ. ಪ್ರಧಾನಿ ದಕ್ಷರೆ, ಮಂತ್ರಿಗಳು ಪ್ರಾಮಾಣಿಕರೆ, ಬೊಕ್ಕಸ ತುಂಬಿದೆಯೆ ಬರಿದಾಗಿದೆಯೆ ಎಂದು ವಿಚಾರಿಸುತ್ತೇವೆ. ಅವರ ಎದುರು ಸಾಲಿನಲ್ಲಿ ಕುಳಿತವರು ಎಂಥವರು ಎಂದು ಕೇಳುವವರು ವಿರಳ. ಪಾರ್ಲಿಮೆಂಟಿನ ಪದ್ಧತಿಯಲ್ಲಿ ಈ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಕಿರಿದೇನೂ ಅಲ್ಲ. ಆಳುವವರು ದುರ್ಬಲರಾದರೆ ಅವರನ್ನು ಬದಲಾಯಿಸುವ ಉಪಾಯ ಜನರ ಕೈಯಲ್ಲಿದೆ. ವಿರೋಧಿಸಬೇಕಾದವರೇ ದುರ್ಬಲರಾದರೆ ಆ ಉಪಾಯವೇ ಮೊಂಡಾಗುತ್ತದೆ. ಕಾವಿಲ್ಲದ ಕೊಡಲಿಯಿಂದ ಮರ ಕಡಿಯಲು ಹೊರಟಂತಾಗುತ್ತದೆ.

ಈ ಮಾತಿಗೆ ನಿದರ್ಶನವನ್ನು ನಾನು ಕೆನಡಾ ದೇಶದಿಂದ ಆರಿಸಿಕೊಂಡಿದ್ದೇನೆ. ಅಷ್ಟು ದೂರದ ದೇಶದ ಗೊಡವೆ ನಮಗೇಕೆಂದು ವಾಚಕರು ಕೇಳಬಹುದು. ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ಮೂಲದವರಾದ ಶ್ರೀ ಚಂದ್ರ ಆರ್ಯ ಅವರು 2022ರ ಮೇ ತಿಂಗಳಲ್ಲಿ ಅಲ್ಲಿಯ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ನಾಲ್ಕು ಮಾತನಾಡಿದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗುವುದಕ್ಕೆ ಆ ಸಭೆ ನಮಗೆ ಸಲ್ಲುವುದಾದರೆ ಯೋಚಿಸುವುದಕ್ಕೂ ಅದು ಸಲ್ಲಬೇಕು. ಅದೂ ಅಲ್ಲದೆ, ಕೆನಡಾದ ಪಾರ್ಲಿಮೆಂಟೂ ನಮ್ಮ ಪಾರ್ಲಿಮೆಂಟೂ ಒಂದೇ ಬ್ರಿಟಿಷ್ ಮಾದರಿಯಿಂದ ಬೆಳೆದು ಬಂದವು. ಇವೆಲ್ಲಕ್ಕಿಂತ ಮಿಗಿಲಾದ ಕಾರಣ ಇನ್ನೊಂದುಂಟು: ನಾನು ಹೇಳಹೊರಟಿರುವ ನಾಯಕರು ಕಾದಂಬರಿಕಾರರು, ಪ್ರಾಧ್ಯಾಪಕರು, ಮಾತಿನ ಮರ್ಮ ಬಲ್ಲವರು. ಮಾತನ್ನೇ ಜೀವನೋಪಾಯ ಮಾಡಿಕೊಂಡ ನಮ್ಮಂಥವರು ಅವರ ಕಥೆಯನ್ನು ಅಲಕ್ಷ್ಯ ಮಾಡುವಂತಿಲ್ಲ.

ಅವರು ಮೈಕೇಲ್ ಇಗ್ನಾಟಿಯೆಫ್. 2008ರ ಡಿಸೆಂಬರಿನಿಂದ 2011ರ ಮೇ ತಿಂಗಳವರೆಗೆ ಲಿಬರಲ್ ಪಕ್ಷಕ್ಕೂ, ಅದರಿಂದಾಗಿ ಕೆನಡಾದ ವಿರೋಧಪಕ್ಷಕ್ಕೂ ನಾಯಕರಾಗಿದ್ದವರು.

ಅವರ ವಿಚಾರಕ್ಕೆ ಹೋಗುವ ಮೊದಲು ಆ ಪೀಠದ ಘನತೆಯನ್ನು ಎರಡು ಮಾತಿನಲ್ಲಿ ತಿಳಿಯಬೇಕು. ಸರ್ಕಾರವನ್ನು ವಿರೋಧಿಸುವುದು ದ್ರೋಹವಲ್ಲ, ಅದೂ ರಾಜ್ಯಸೇವೆಯೇ ಎಂಬ ತತ್ತ್ವವನ್ನು ಕೆನಡಾ ಬಹು ಬೇಗ ಗುರುತಿಸಿತು. ವಿರೋಧಪಕ್ಷದ ನಾಯಕರಿಗೆ ಬೊಕ್ಕಸದಿಂದಲೇ ವಿಶೇಷ ವೇತನ ಕೊಡಬೇಕೆಂದು 1905ರಲ್ಲಿಯೇ ಅಲ್ಲಿ ಕಾನೂನಾಯಿತು. ತಾಯಿ ದೇಶವಾದ ಬ್ರಿಟನ್ ಈ ಕೆಲಸ ಮಾಡಿದ್ದು 1937ರಲ್ಲಿ. ನಮ್ಮ ದೇಶ 1977ರಲ್ಲಿ. 1950ರಿಂದ ಈಚೆಗೆ ಆಟವಾದಲ್ಲಿ ಸ್ಟಾರ್ನೊವೇ ಎಂಬ ಮನೆಯೂ ವಿರೋಧಪಕ್ಷದ ನಾಯಕರ ವಾಸಕ್ಕೆಂದು ಮೀಸಲಾಗಿದೆ. ತನ್ನನ್ನು ಖಂಡಿಸುವವನಿಗೆ ರಾಜ್ಯವೇ ಅನ್ನವಿಕ್ಕಿ ಸೂರು ಕೊಡುವ ಈ ಏರ್ಪಾಡಿನಲ್ಲಿ ದೊಡ್ಡ ವಿವೇಕವಡಗಿದೆ. ಕೊಟ್ಟ ಅನ್ನಕ್ಕೆ ತಕ್ಕ ಖಂಡನೆ ಅವನಿಂದ ಬರಬೇಕೆಂಬ ನಿರೀಕ್ಷೆಯೂ ಅದರಲ್ಲಿ ಅಡಗಿದೆ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳುವುದು ಅವಶ್ಯ. ಸೋತವನೆಲ್ಲ ದುರ್ಬಲನಲ್ಲ, ಸಂಖ್ಯೆ ಕಡಿಮೆಯಿದ್ದ ಮಾತ್ರಕ್ಕೆ ವಿರೋಧ ದುರ್ಬಲವಾಗುವುದಿಲ್ಲ. 1956ರಲ್ಲಿ ಲೂಯಿ ಸೇಂಟ್ ಲಾರೆಂಟ್ ಅವರ ಲಿಬರಲ್ ಸರ್ಕಾರ ಅನಿಲದ ಕೊಳವೆಮಾರ್ಗವೊಂದರ ಕಂಪೆನಿಗೆ ಸಾಲ ಕೊಡುವ ಮಸೂದೆಯನ್ನು ತಂದಿತು. ಅದರ ಸೂತ್ರಧಾರರಾದ ಮಂತ್ರಿ ಸಿ. ಡಿ. ಹೋವ್ ಅವರಿಗೆ ಚರ್ಚೆಯೆಂದರೆ ಕಾಲಹರಣ. ಮಸೂದೆಯ ಪ್ರತಿಯೊಂದು ಹಂತದಲ್ಲಿಯೂ ಚರ್ಚೆಯನ್ನು ಕತ್ತರಿಸುವ ಗೊತ್ತುವಳಿಯನ್ನು ಪ್ರಯೋಗಿಸಿ ಅದನ್ನು ಅಂಗೀಕಾರ ಮಾಡಿಸಿಕೊಂಡರು. ವಿರೋಧಪಕ್ಷಗಳು ಅಲ್ಪಸಂಖ್ಯಾತವಾಗಿದ್ದವು; ಮತಕ್ಕೆ ಹಾಕಿದಾಗಲೆಲ್ಲ ಸೋತವು. ಆದರೂ ಕನ್ಸರ್ವೇಟಿವ್ ಪಕ್ಷದವರೂ, ಕೋಲ್ಡ್‌ವೆಲ್ ಮತ್ತು ಸ್ಟ್ಯಾನ್ಲಿ ನೋಲ್ಸ್ ಅವರಂಥ ಸಮಾಜವಾದಿಗಳೂ ಪಟ್ಟು ಬಿಡದೆ ಹೋರಾಡಿದರು. ಜನ ಆ ಹೋರಾಟವನ್ನು ಕಂಡರು. ಮರುವರ್ಷ, 1957ರ ಜೂನ್ ತಿಂಗಳಲ್ಲಿ, 22 ವರ್ಷಗಳಿಂದ ಅಧಿಕಾರದಲ್ಲಿ ಬೇರೂರಿದ್ದ ಲಿಬರಲ್ ಪಕ್ಷ ಉರುಳಿತು. ಮಹಾಸಮರ್ಥರೆನಿಸಿದ್ದ ಹೋವ್ ಅವರು ತಮ್ಮ ಕ್ಷೇತ್ರದಲ್ಲಿ ಒಬ್ಬ ಹೈಸ್ಕೂಲು ಉಪಾಧ್ಯಾಯರಿಗೆ ಸೋತರು. ಸದನದಲ್ಲಿ ಪ್ರತಿದಿನ ಸೋತ ವಿರೋಧಪಕ್ಷ ದೇಶದಲ್ಲಿ ಗೆದ್ದಿತು.

ರಾಬರ್ಟ್ ಸ್ಟ್ಯಾನ್‌ಫೀಲ್ಡ್ ಅವರನ್ನೂ ಇಲ್ಲಿ ನೆನೆಯಬಹುದು. 1968, 1972, 1974 ಈ ಮೂರು ಚುನಾವಣೆಗಳಲ್ಲಿಯೂ ಅವರು ಪಿಯೆರ್ ಟ್ರೂಡೊ ಅವರೆದುರು ಸೋತರು. ಬೆಲೆಗಳಿಗೂ ವೇತನಗಳಿಗೂ ಮಿತಿ ಹಾಕಬೇಕೆಂದು ಅವರು 1974ರಲ್ಲಿ ಹೇಳಿದಾಗ ಟ್ರೂಡೊ ಅದನ್ನು ನಗೆಗೀಡು ಮಾಡಿ ಗೆದ್ದರು. ಮಾರನೆಯ ವರ್ಷ ತಾವೇ ಆ ಮಿತಿಯನ್ನು ಜಾರಿಗೆ ತಂದರು. ಸ್ಟ್ಯಾನ್‌ಫೀಲ್ಡ್ ಸೋತರೂ ಅವರ ಮಾತು ಸೋಲಲಿಲ್ಲ. ಈಚಿನ ಉದಾಹರಣೆಯೂ ಉಂಟು. 2025ರ ಏಪ್ರಿಲ್ ತಿಂಗಳ ಚುನಾವಣೆಯಲ್ಲಿ ವಿರೋಧಪಕ್ಷದ ನಾಯಕ ಪಿಯೆರ್ ಪೊಲಿಯೆವ್ ತಮ್ಮ ಕ್ಷೇತ್ರವನ್ನೇ ಕಳೆದುಕೊಂಡರು; ಆದರೆ ಅವರ ಪಕ್ಷದ ಸ್ಥಾನಗಳು ಹೆಚ್ಚಿದವು. ಅವರ ಧೋರಣೆಯನ್ನು ಒಪ್ಪದವರೂ ಅವರ ವಿರೋಧ ಸಪ್ಪೆಯಾಗಿತ್ತೆಂದು ಹೇಳಲಾರರು. ಹೀಗಿರಲು ದೌರ್ಬಲ್ಯವೆಂಬುದನ್ನು ಸೋಲಿನಲ್ಲಿ ಹುಡುಕದೆ ಬೇರೆಡೆ ಹುಡುಕಬೇಕು.

ಎಲ್ಲಿ ಹುಡುಕಬೇಕೆಂಬುದನ್ನು ಇಗ್ನಾಟಿಯೆಫ್ ಅವರ ಪೂರ್ವಾಧಿಕಾರಿ ಸ್ಟೆಫಾನ್ ದಿಯೋ ಅವರ ಕಾಲವೇ ತೋರಿಸಿಕೊಡುತ್ತದೆ. ಅವರೂ ಪ್ರಾಧ್ಯಾಪಕರು, ರಾಜ್ಯಶಾಸ್ತ್ರದ ಪಂಡಿತರು, ಪ್ರತ್ಯೇಕತೆಯ ವಾದವನ್ನು ಕ್ವಿಬೆಕ್ ಪ್ರಾಂತದಲ್ಲಿಯೇ ನಿಂತು ಎದುರಿಸಿದ ಧೈರ್ಯವಂತರು. 2006ರ ಡಿಸೆಂಬರಿನಲ್ಲಿ ನಾಯಕರಾದರು. ಆಗ ಆಳುತ್ತಿದ್ದ ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಸರ್ಕಾರಕ್ಕೆ ಬಹುಮತವಿರಲಿಲ್ಲ. ವಿರೋಧಪಕ್ಷಗಳೆಲ್ಲ ಒಟ್ಟಾಗಿ ಕೈ ಎತ್ತಿದರೆ ಸರ್ಕಾರ ಉಳಿಯುವಂತಿರಲಿಲ್ಲ. ದಿಯೋ ಅವರಿಗೆ ಚುನಾವಣೆಯ ಭಯ. ಆದಕಾರಣ ಲಿಬರಲ್ ಸದಸ್ಯರು ಸರ್ಕಾರದ ನೀತಿಯನ್ನು ಕಟುವಾಗಿ ಖಂಡಿಸುವರು. ವಿಶ್ವಾಸದ ಮತ ಬಂದಾಗ ತಟಸ್ಥರಾಗಿ ಕುಳಿತುಬಿಡುವರು ಇಲ್ಲವೆ ಸಭೆಗೇ ಬಾರರು. ಇದು ಒಂದು ಸಲವಲ್ಲ, ಪದೇ ಪದೇ ನಡೆಯಿತು. ಬಾಯಿ ಬೇಡವೆನ್ನುತ್ತಿತ್ತು, ಕೈ ಸುಮ್ಮನಿರುತ್ತಿತ್ತು. 2006ರ ಚುನಾವಣೆಯಲ್ಲಿ 103 ಸ್ಥಾನ ಪಡೆದಿದ್ದ ಪಕ್ಷ 2008ರ ಅಕ್ಟೋಬರಿನಲ್ಲಿ 77ಕ್ಕೆ ಇಳಿಯಿತು.

ಆ ಚುನಾವಣೆಯಾದ ಆರು ವಾರಗಳಲ್ಲಿ ಒಂದು ವಿಚಿತ್ರ ಪ್ರಸಂಗ ನಡೆಯಿತು. ಗಳಿಸಿದ ಮತಗಳ ಲೆಕ್ಕದಲ್ಲಿ ಪಕ್ಷಗಳಿಗೆ ಬೊಕ್ಕಸದಿಂದ ಸಲ್ಲುತ್ತಿದ್ದ ಹಣವನ್ನು ನಿಲ್ಲಿಸಲು ಹಾರ್ಪರ್ ಸರ್ಕಾರ ಹೊರಟಿತು. ಕೆರಳಿದ ಲಿಬರಲ್ ಪಕ್ಷವೂ, ಜ್ಯಾಕ್ ಲೇಟನ್ ಅವರ ನ್ಯೂ ಡೆಮೊಕ್ರ್ಯಾಟಿಕ್ ಪಕ್ಷವೂ ಸೇರಿ, ಕ್ವಿಬೆಕ್ ಪ್ರತ್ಯೇಕತಾವಾದಿಗಳ ಬೆಂಬಲದೊಡನೆ ಸಂಯುಕ್ತ ಸರ್ಕಾರ ರಚಿಸುವುದಾಗಿ ಡಿಸೆಂಬರ್ 1ರಂದು ಒಪ್ಪಂದ ಮಾಡಿಕೊಂಡವು. ಹಾರ್ಪರ್ ಅವರು ಗವರ್ನರ್ ಜನರಲ್ ಅವರಲ್ಲಿಗೆ ಹೋಗಿ ಅಧಿವೇಶನವನ್ನೇ ಮುಗಿಸಿಬಿಟ್ಟರು. ಸದನ ಮತ್ತೆ ಸೇರಿದ್ದು ಜನವರಿ 26ರಂದು. ಈ ನಡುವೆ ದಿಯೋ ಸ್ಥಾನ ಬಿಡಬೇಕಾಯಿತು. ಆ ತೆರವಿಗೆ ಬಂದವರೇ ಇಗ್ನಾಟಿಯೆಫ್.

ಅವರ ಬಗೆಗೆ ಇದ್ದ ನಿರೀಕ್ಷೆ ಅಸಾಮಾನ್ಯವಾದುದು. ಅಜ್ಜ ಪಾಲ್ ಇಗ್ನಾಟಿಯೆಫ್ ರಷ್ಯದ ಕೊನೆಯ ಚಕ್ರವರ್ತಿಯಲ್ಲಿ ವಿದ್ಯಾಮಂತ್ರಿಯಾಗಿದ್ದವರು. ತಂದೆ ಕೆನಡಾದ ಹೆಸರಾಂತ ರಾಯಭಾರಿ. ಆ ವಂಶದ ಕಥೆಯನ್ನು ಹೇಳುವ ಅವರ ‘ದಿ ರಷ್ಯನ್ ಆಲ್ಬಮ್’ ಎಂಬ ಪುಸ್ತಕಕ್ಕೆ ಕೆನಡಾದ ಗವರ್ನರ್ ಜನರಲ್ ಪ್ರಶಸ್ತಿ ಬಂದಿತು. 1993ರ ‘ಸ್ಕಾರ್ ಟಿಶ್ಯೂ’ ಕಾದಂಬರಿ ಬೂಕರ್ ಬಹುಮಾನದ ಅಂತಿಮ ಪಟ್ಟಿಯಲ್ಲಿತ್ತು. ತತ್ತ್ವಜ್ಞ ಐಸಾಯ ಬರ್ಲಿನ್ ಅವರ ಜೀವನಚರಿತ್ರೆಯನ್ನು ಬರೆದರು. ಬಾಲ್ಕನ್ ಪ್ರದೇಶದ ಯುದ್ಧಗಳನ್ನು ಕಣ್ಣಾರೆ ಕಂಡು ಬರೆದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾನವಹಕ್ಕುಗಳ ಕೇಂದ್ರದ ನಿರ್ದೇಶಕರಾಗಿದ್ದರು. 2004ರಲ್ಲಿ ಲಿಬರಲ್ ಪಕ್ಷದ ಮೂವರು ಹಿತೈಷಿಗಳು ಅಲ್ಲಿಗೇ ಹೋಗಿ ರಾಜಕೀಯಕ್ಕೆ ಬನ್ನಿರೆಂದು ಆಹ್ವಾನವಿತ್ತರು. 2006ರ ಜನವರಿಯಲ್ಲಿ ಟೊರಾಂಟೊ ನಗರದ ಒಂದು ಕ್ಷೇತ್ರದಿಂದ ಅವರು ಸಭೆಗೆ ಬಂದರು. ಮೂರು ವರ್ಷ ತುಂಬುವುದರೊಳಗೆ ವಿರೋಧಪಕ್ಷದ ಪೀಠ ಅವರದಾಯಿತು.

ಅವರ ಮೊದಲ ಪರೀಕ್ಷೆ 2009ರ ಜನವರಿಯಲ್ಲಿ. ಸರ್ಕಾರ ತನ್ನ ಹಟವನ್ನು ಸಡಿಲಿಸಿ, ಜಗತ್ತಿನ ಆರ್ಥಿಕ ಕುಸಿತಕ್ಕೆ ಪರಿಹಾರವಾಗಿ ಧಾರಾಳ ವೆಚ್ಚದ ಮುಂಗಡಪತ್ರವನ್ನು ತಂದಿತು. ಇಗ್ನಾಟಿಯೆಫ್ ಅವರು ತಾವೂ ಸಹಿ ಹಾಕಿದ್ದ ಸಂಯುಕ್ತ ಸರ್ಕಾರದ ಯೋಜನೆಯನ್ನು ಕೈಬಿಟ್ಟು ಮುಂಗಡಪತ್ರವನ್ನು ಬೆಂಬಲಿಸಿದರು. ಈ ನಿರ್ಧಾರ ಒಂದನ್ನೇ ತೆಗೆದುಕೊಂಡು ಅವರನ್ನು ದೂಷಿಸಲು ನಾನು ಸಿದ್ಧನಿಲ್ಲ. ದೇಶ ಸಂಕಟದಲ್ಲಿತ್ತು, ಪ್ರತ್ಯೇಕತಾವಾದಿಗಳ ಊರುಗೋಲಿನ ಮೇಲೆ ನಿಲ್ಲಬೇಕಾದ ಸರ್ಕಾರ ಕ್ವಿಬೆಕ್ಕಿನ ಹೊರಗೆ ಬಹುಮಂದಿಗೆ ರುಚಿಸಿರಲಿಲ್ಲ. ಒಪ್ಪಿಗೆಯೆಂದು ನೇರವಾಗಿ ಹೇಳಿ ಒಪ್ಪಿದ್ದರೆ ಅದು ರಾಜನೀತಿಜ್ಞನ ನಡತೆಯೆನಿಸುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಸರ್ಕಾರವನ್ನು ಪರೀಕ್ಷೆಯ ಮೇಲೆ ಇಟ್ಟಿದ್ದೇವೆ, ಮಾರ್ಚ್, ಜೂನ್, ಡಿಸೆಂಬರ್ ತಿಂಗಳುಗಳಲ್ಲಿ ಅದು ವರದಿ ಒಪ್ಪಿಸಬೇಕು, ತಪ್ಪಿದರೆ ಉರುಳಿಸುತ್ತೇವೆ ಎಂದು ಸಾರಿದರು. ವರದಿಗಳು ಬಂದವು, ಸರ್ಕಾರ ಉರುಳಲಿಲ್ಲ. ಯಾರನ್ನೂ ಅನುತ್ತೀರ್ಣ ಮಾಡುವ ಮನಸ್ಸಿಲ್ಲದೆ ಪರೀಕ್ಷೆಯ ದಿನಗಳನ್ನು ಮಾತ್ರ ಹಲಗೆಯ ಮೇಲೆ ಬರೆಯುವ ಉಪಾಧ್ಯಾಯನಿಗೆ ತರಗತಿಯಲ್ಲಿ ಏನು ಗತಿಯಾಗುವುದೆಂದು ನಮ್ಮ ಸಹೋದ್ಯೋಗಿಗಳಿಗೆ ನಾನು ಹೇಳಬೇಕಾಗಿಲ್ಲ.

ಜೂನ್ ತಿಂಗಳಲ್ಲಿ ಅವರು ಮತ್ತೊಮ್ಮೆ ಗುಡುಗಿದರು. ಕೆಲಸ ಕಳೆದುಕೊಂಡವರಿಗೆ ಸಲ್ಲುವ ವಿಮೆಯ ನಿಯಮಗಳು ಸುಧಾರಿಸದಿದ್ದರೆ ಚುನಾವಣೆಯೇ ಗತಿ ಎಂಬಂಥ ವಾತಾವರಣ ಹುಟ್ಟಿತು. ಕೊನೆಗೆ ಎರಡು ಪಕ್ಷಗಳಿಂದಲೂ ಮೂವರಂತೆ ಆರು ಜನರ ಸಮಿತಿ ಬೇಸಗೆಯಲ್ಲಿ ಆ ವಿಷಯವನ್ನು ಪರಿಶೀಲಿಸತಕ್ಕದ್ದೆಂದು ರಾಜಿಯಾಯಿತು. ಸಮಿತಿಯಿಂದ ಫಲವೇನೂ ಹುಟ್ಟಲಿಲ್ಲ. ಸೆಪ್ಟೆಂಬರ್ 1ರಂದು ಸಡ್‌ಬರಿ ಎಂಬ ಊರಿನಲ್ಲಿ ತಮ್ಮ ಸದಸ್ಯರ ಎದುರು ಅವರು ಮೂರನೆಯ ಬಾರಿ ಗುಡುಗಿ, ಹಾರ್ಪರ್ ಅವರ ಕಾಲ ಮುಗಿಯಿತೆಂದು ಘೋಷಿಸಿದರು. ಅಕ್ಟೋಬರ್ 1ರಂದು ಅವರ ಅವಿಶ್ವಾಸ ಗೊತ್ತುವಳಿ ಸದನದಲ್ಲಿ ಬಿದ್ದುಹೋಯಿತು. ಇಷ್ಟು ದಿನ ಲಿಬರಲ್ ಪಕ್ಷದ ದೆಸೆಯಿಂದ ಉಳಿದಿದ್ದ ಸರ್ಕಾರವನ್ನು ಈ ಸಲ ಲೇಟನ್ ಅವರ ಪಕ್ಷ, ನಿರುದ್ಯೋಗಿಗಳಿಗೆ ಒಂದಿಷ್ಟು ಸೌಕರ್ಯವನ್ನು ಬೆಲೆಯಾಗಿ ಪಡೆದು, ಉಳಿಸಿತು. ವಿಚಾರ ಮಾಡಬೇಕಾದ ಸಂಗತಿ ಇಲ್ಲಿದೆ. ಲೇಟನ್ ಅವರೂ ಸರ್ಕಾರವನ್ನು ಉಳಿಸಿದರು. ಆದರೆ ಏನನ್ನೋ ಪಡೆದು ಉಳಿಸಿದರು, ಪಡೆದುದನ್ನು ಜನರಿಗೆ ತೋರಿಸಿದರು. ಇಗ್ನಾಟಿಯೆಫ್ ಅವರಿಗೆ ತೋರಿಸಲು ಒಂದು ಸಮಿತಿ ಮಾತ್ರ ಇತ್ತು, ಅದೂ ಮುರಿದುಬಿದ್ದುದು. ‘ತೋಳ ಬಂತು ತೋಳ’ ಎಂಬ ಕಥೆಯನ್ನು ಪ್ರಾಥಮಿಕ ಶಾಲೆಯ ಹುಡುಗನೂ ಬಲ್ಲ. ಆ ಕಥೆಯ ಕಡೆಯಲ್ಲಿ ತೋಳ ನಿಜವಾಗಿಯೂ ಬರುತ್ತದೆಂಬುದನ್ನು ವಾಚಕರು ಮರೆಯಬಾರದು.

ನಮ್ಮ ವಿದ್ಯಾರ್ಥಿಗಳಿಗೆ ವಿರಾಟಪರ್ವದ ಉತ್ತರಕುಮಾರ ಥಟ್ಟನೆ ನೆನಪಿಗೆ ಬರಬಹುದು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ನಮ್ಮಲ್ಲಿ ಇಂಥವರಿಗೆಂದೇ ಹುಟ್ಟಿದೆ. ಆದರೆ ಈ ಹೋಲಿಕೆ ಅರ್ಧ ಮಾತ್ರ ಸರಿಹೊಂದುತ್ತದೆ. ಉತ್ತರ ಅಂತಃಪುರದ ಹುಡುಗ. ಕೌರವಸೇನೆಯನ್ನು ಕಾಣುವವರೆಗೆ ಯುದ್ಧವೆಂದರೆ ಏನೆಂದೇ ಅವನಿಗೆ ತಿಳಿಯದು. ಇಗ್ನಾಟಿಯೆಫ್ ಯುದ್ಧಭೂಮಿಗಳನ್ನು ಕಂಡವರು, ರಾಜ್ಯಗಳು ಒಡೆಯುವುದನ್ನು ಬಲ್ಲವರು. ಅವರಿಗಿದ್ದ ಕೊರತೆ ತಿಳಿವಳಿಕೆಯದಲ್ಲ. ಒಂದು ಪ್ರಶ್ನೆಗೆ ಇರುವ ಎಲ್ಲ ಮುಖಗಳನ್ನೂ ನೋಡಬಲ್ಲ ಪಂಡಿತನಿಗೆ ಯಾವ ಮುಖಕ್ಕೆ ನಿಲ್ಲಬೇಕೆಂದು ನಿಶ್ಚಯಿಸುವುದೇ ಕಷ್ಟವಾಗುತ್ತದೆ. ಪ್ರಬಂಧ ಬರೆಯುವವನಿಗೆ ಈ ಸಂದಿಗ್ಧತೆ ಅಲಂಕಾರ. ನಾಯಕನಿಗೆ ಅದು ಆಪತ್ತು. ಮತ ಹಾಕುವ ಗಂಟೆ ಹೊಡೆದಾಗ ಇಲ್ಲಿರುವುದು ಎರಡೇ ಉತ್ತರ.

ಕನ್ಸರ್ವೇಟಿವ್ ಪಕ್ಷದವರು ಈ ಸಂದಿಗ್ಧತೆಯ ವಾಸನೆ ಹಿಡಿದರು. 2009ರ ಮೇ ತಿಂಗಳಿಂದಲೇ ದೂರದರ್ಶನದಲ್ಲಿ ಜಾಹೀರಾತುಗಳನ್ನು ಹಾಕಿ, ಈ ಮನುಷ್ಯ ನಮ್ಮವನಲ್ಲ, ಸುಮ್ಮನೆ ಬಂದುಹೋಗುವ ಅತಿಥಿ ಎಂದು ಸಾರಿದರು. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಅವರು ಹೊರದೇಶಗಳಲ್ಲಿ ಇದ್ದುದು ನಿಜ. ಆದರೂ ಅದು ನೀಚವಾದ ಪ್ರಚಾರವೆಂದೇ ನನ್ನ ಅಭಿಪ್ರಾಯ. ಹೊರಗೆ ಹೋಗಿ ಕಲಿತು ಬಂದವನನ್ನು ಪರಕೀಯನೆಂದು ಹಂಗಿಸುವುದಾದರೆ ಯಾವ ದೇಶದ ವಿದ್ಯೆಯೂ ಉದ್ಧಾರವಾಗದು. ಹಾಗಾದರೆ ಆ ಪ್ರಚಾರ ಅಷ್ಟು ಆಳವಾಗಿ ನಾಟಿದ್ದೇಕೆ? ಅದನ್ನು ಸುಳ್ಳುಮಾಡುವ ಕ್ರಿಯೆ ಎದುರಿಗೆ ಕಾಣಲಿಲ್ಲ. ಅತಿಥಿಯೆಂದು ಹಂಗಿಸಿದವರಿಗೆ ಮನೆಯ ಕೆಲಸಕ್ಕೆ ಕೈಹಚ್ಚುವುದೇ ಉತ್ತರ. ಅತಿಥಿ ಮಾತ್ರ ಮನೆಯ ಜಗಳದಲ್ಲಿ ಆ ಕಡೆಯೂ ಸರಿ ಈ ಕಡೆಯೂ ಸರಿ ಎನ್ನಬಲ್ಲ.

2010ರಲ್ಲಿಯೂ ಸ್ಥಿತಿ ಬದಲಾಗಲಿಲ್ಲ. ಮುಂಗಡಪತ್ರವನ್ನು ವಿರೋಧಿಸುವುದಾಗಿ ಹೇಳಿಯೂ ಸರ್ಕಾರ ಬೀಳದಷ್ಟು ಮಂದಿ ಲಿಬರಲ್ ಸದಸ್ಯರು ಮತದಾನಕ್ಕೆ ಗೈರುಹಾಜರಾದರು. ಬಡ ದೇಶಗಳ ತಾಯಂದಿರ ಆರೋಗ್ಯದ ಬಗೆಗೆ ಲಿಬರಲ್ ಪಕ್ಷವೇ ಮಾರ್ಚ್ ತಿಂಗಳಲ್ಲಿ ತಂದ ಗೊತ್ತುವಳಿ, ಸ್ವಪಕ್ಷದ ಕೆಲವರು ವಿರುದ್ಧ ಮತ ಹಾಕಿದ್ದರಿಂದಲೂ ಕೆಲವರು ಬಾರದೆ ಉಳಿದುದರಿಂದಲೂ ಸೋತಿತು. ಸರ್ಕಾರವನ್ನು ಇಕ್ಕಟ್ಟಿಗೆ ಸಿಕ್ಕಿಸಲು ಹೂಡಿದ ಬಲೆಯಲ್ಲಿ ಹೂಡಿದವರ ಕಾಲೇ ಸಿಕ್ಕಿಕೊಂಡಿತು.

ನ್ಯಾಯಕ್ಕಾಗಿ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬಂದೂಕುಗಳ ನೋಂದಣಿಯನ್ನು ರದ್ದುಮಾಡುವ ಮಸೂದೆಗೆ 2009ರಲ್ಲಿ ಲಿಬರಲ್ ಪಕ್ಷದ ಎಂಟು ಮಂದಿಯೇ ಬೆಂಬಲ ಕೊಟ್ಟಿದ್ದರು. ಮರುವರ್ಷ ಇಗ್ನಾಟಿಯೆಫ್ ಈ ವಿಷಯದಲ್ಲಿ ದೃಢವಾಗಿ ನಿಂತು, ಪಕ್ಷದ ಎಲ್ಲರೂ ಒಂದೇ ಕಡೆ ಮತ ಹಾಕತಕ್ಕದ್ದೆಂದು ಆಜ್ಞಾಪಿಸಿದರು. 2010ರ ಸೆಪ್ಟೆಂಬರ್ 22ರಂದು ಆ ಮಸೂದೆ 153ಕ್ಕೆ 151 ಮತಗಳಿಂದ ಬಿದ್ದಿತು. ನಾಯಕ ನಿಂತಾಗ ಪಕ್ಷ ನಿಂತಿತು. ಎರಡೇ ಮತಗಳಾದರೂ ಗೆಲುವು ಗೆಲುವೇ. ಆ ದಿನದ ನಡತೆ ಮೊದಲಿನಿಂದಲೂ ಇದ್ದಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೋ ಏನೋ.

ಇನ್ನು ತೋಳ ನಿಜವಾಗಿಯೂ ಬಂದ ದಿನದ ವಿಚಾರ. ಹೊಸ ದಂಡನೆಯ ಕಾನೂನುಗಳಿಂದಲೂ ಯುದ್ಧವಿಮಾನಗಳ ಖರೀದಿಯಿಂದಲೂ ಬೊಕ್ಕಸಕ್ಕೆ ಬೀಳುವ ವೆಚ್ಚವೆಷ್ಟೆಂದು ಸದನ ಕೇಳಿತು. ಸರ್ಕಾರ ಲೆಕ್ಕವನ್ನು ಪೂರ್ತಿಯಾಗಿ ಒಪ್ಪಿಸಲಿಲ್ಲ. ಸಭಾಧ್ಯಕ್ಷ ಪೀಟರ್ ಮಿಲಿಕನ್ ಅವರು 2011ರ ಮಾರ್ಚ್ 9ರಂದು, ಮೇಲ್ನೋಟಕ್ಕೆ ಸದನದ ಹಕ್ಕಿಗೆ ಚ್ಯುತಿ ಬಂದಿದೆಯೆಂದು ತೀರ್ಪಿತ್ತರು. ಸಮಿತಿ ವಿಚಾರಣೆ ನಡೆಸಿ, ಸರ್ಕಾರ ಪಾರ್ಲಿಮೆಂಟನ್ನು ಧಿಕ್ಕರಿಸಿದ ಅಪರಾಧಕ್ಕೆ ಗುರಿಯಾಗಿದೆ ಎಂದು ನಿರ್ಣಯಿಸಿತು. ಮಾರ್ಚ್ 25ರಂದು ಇಗ್ನಾಟಿಯೆಫ್ ಅವರ ಗೊತ್ತುವಳಿ 156ಕ್ಕೆ 145 ಮತಗಳಿಂದ ಅಂಗೀಕಾರವಾಗಿ ಸರ್ಕಾರ ಬಿದ್ದಿತು. ಇಂಥ ಅಪರಾಧಕ್ಕಾಗಿ ಒಂದು ಸರ್ಕಾರವೇ ಬಿದ್ದ ಸಂಗತಿ ಕೆನಡಾದಲ್ಲಿ ಮಾತ್ರವಲ್ಲ, ಕಾಮನ್‌ವೆಲ್ತ್ ದೇಶಗಳಲ್ಲಿಯೇ ಹಿಂದೆ ನಡೆದಿರಲಿಲ್ಲ. ಸಾರ್ವಜನಿಕರ ಹಣದ ಲೆಕ್ಕವನ್ನು ಕೇಳುವ ಅಧಿಕಾರ ಪಾರ್ಲಿಮೆಂಟಿನ ಪ್ರಾಣ. ವಿರೋಧಪಕ್ಷದ ನಾಯಕನೊಬ್ಬ ಜೀವಮಾನದಲ್ಲಿ ಒಮ್ಮೆ ಎತ್ತಬಹುದಾದ ಪ್ರಶ್ನೆಯಿದ್ದರೆ ಅದು ಇದೇ.

ಜನ ಅದಕ್ಕೆ ಕಿವಿಗೊಡಲಿಲ್ಲ. ಈ ಚುನಾವಣೆ ಯಾರಿಗೂ ಬೇಡವಾದುದು, ನನಗೆ ಬಹುಮತ ಕೊಡದಿದ್ದರೆ ಅದೇ ಸಂಯುಕ್ತ ಸರ್ಕಾರ ಬರುತ್ತದೆ ಎಂದು ಹಾರ್ಪರ್ ಹೇಳಿದರು. ಇಲ್ಲವೆಂದು ಇಗ್ನಾಟಿಯೆಫ್ ಹೇಳಿದರು. ಒಮ್ಮೆ ಸಹಿ ಹಾಕಿ ಆಮೇಲೆ ಕೈಬಿಟ್ಟವರ ‘ಇಲ್ಲ’ ಎಂಬ ಮಾತಿಗೆ ತೂಕವೆಷ್ಟು? ಏಪ್ರಿಲ್ 12ರ ವಾದಸಭೆಯಲ್ಲಿ ಲೇಟನ್ ಅವರು ಎದುರಿಗೆ ನಿಂತ ಇಗ್ನಾಟಿಯೆಫ್ ಅವರನ್ನು ಉದ್ದೇಶಿಸಿ, ನೂರಕ್ಕೆ 70ರಷ್ಟು ಮತದಾನಗಳಿಗೆ ನೀವು ಗೈರುಹಾಜರಾಗಿದ್ದಿರಿ, ಕೆಲಸಕ್ಕೆ ಬಾರದವರಿಗೆ ಬಡ್ತಿ ಸಿಗುವುದುಂಟೆ ಎಂದು ಕೇಳಿದರು. ಆ ಕ್ಷಣದಲ್ಲಿ ಇಗ್ನಾಟಿಯೆಫ್ ಅವರಿಂದ ತಕ್ಕ ಉತ್ತರ ಬರಲಿಲ್ಲ. ಸದನದ ಗೌರವಕ್ಕಾಗಿ ಸರ್ಕಾರವನ್ನು ಬೀಳಿಸಿದ ನಾಯಕರು ಸದನಕ್ಕೇ ಬರುತ್ತಿರಲಿಲ್ಲ ಎಂಬ ಆರೋಪ ಒಂದೇ ವಾಕ್ಯದಲ್ಲಿ ಅವರ ವಾದದ ಬೇರನ್ನು ಕತ್ತರಿಸಿತು.

ಮೇ 2ರಂದು ಫಲಿತಾಂಶ ಹೊರಬಿದ್ದಿತು. 308 ಸ್ಥಾನಗಳಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ 166, ನ್ಯೂ ಡೆಮೊಕ್ರ್ಯಾಟಿಕ್ ಪಕ್ಷಕ್ಕೆ 103, ಲಿಬರಲ್ ಪಕ್ಷಕ್ಕೆ ಬರಿಯ 34. ಪಾರ್ಲಿಮೆಂಟನ್ನು ಧಿಕ್ಕರಿಸಿದವರೆನಿಸಿಕೊಂಡವರಿಗೆ ಜನ ಮೊದಲ ಸಲ ಬಹುಮತ ಕೊಟ್ಟರು. ದೇಶ ಒಂದುಗೂಡಿದ 1867ರಿಂದ ಒಂದನೆಯ ಇಲ್ಲವೆ ಎರಡನೆಯ ಸ್ಥಾನದಿಂದ ಕೆಳಗಿಳಿಯದಿದ್ದ ಲಿಬರಲ್ ಪಕ್ಷ ಮೂರನೆಯದಾಯಿತು. ಇಗ್ನಾಟಿಯೆಫ್ ತಮ್ಮ ಕ್ಷೇತ್ರದಲ್ಲಿಯೂ ಸೋತು ಮಾರನೆಯ ದಿನವೇ ರಾಜೀನಾಮೆ ಘೋಷಿಸಿದರು. ಈ ಫಲಿತಾಂಶಕ್ಕೆ ಅವರೊಬ್ಬರೇ ಕಾರಣರೆಂದರೆ ಅನ್ಯಾಯವಾದೀತು. ಕ್ವಿಬೆಕ್ ಪ್ರಾಂತದ 75 ಸ್ಥಾನಗಳಲ್ಲಿ 59ನ್ನು ಲೇಟನ್ ಅವರ ಪಕ್ಷ ಬಾಚಿಕೊಂಡಿತು. ಬೇರೆಡೆ ವಿರೋಧದ ಮತಗಳು ಒಡೆದುಹೋದವು. ಅದೆಲ್ಲ ಇರಲಿ. ಲೇಟನ್ ಅವರ ಕಡೆಗೆ ಹರಿದುಹೋದ ಆ ಪ್ರವಾಹ ಯಾವುದನ್ನು ಹುಡುಕಿಕೊಂಡು ಹೋಯಿತೆಂಬುದೇ ಮುಖ್ಯವಾದ ಪ್ರಶ್ನೆ. ಸರ್ಕಾರವನ್ನು ನಂಬಿಕೆಯಿಂದ ವಿರೋಧಿಸುವವರು ಯಾರೆಂದು ಜನ ಹುಡುಕಿದರೆಂದೇ ನಾನು ತಿಳಿಯುತ್ತೇನೆ.

ಈ ದೌರ್ಬಲ್ಯದ ಬೆಲೆಯನ್ನು ಒಬ್ಬ ನಾಯಕರು ಮಾತ್ರ ತೆತ್ತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2008ರಲ್ಲಿ ವಿರೋಧಪಕ್ಷಗಳು ಒಂದಾಗಿ ತಡೆದಿದ್ದ ಪಕ್ಷಗಳ ಅನುದಾನದ ರದ್ದತಿ 2011ರಲ್ಲಿ ಕಾನೂನಾಗಿ, 2015ರ ಹೊತ್ತಿಗೆ ಅನುದಾನವೆಲ್ಲ ನಿಂತುಹೋಯಿತು. 2010ರಲ್ಲಿ ಎರಡು ಮತಗಳಿಂದ ಉಳಿದಿದ್ದ ಬಂದೂಕುಗಳ ನೋಂದಣಿ 2012ರಲ್ಲಿ ಅಳಿಯಿತು. ಅದೇ ವರ್ಷ, ಮುಂಗಡಪತ್ರದ ಹೆಸರಿನಲ್ಲಿ ಹತ್ತಾರು ಕಾನೂನುಗಳನ್ನು ಒಟ್ಟಿಗೆ ತಿದ್ದುವ, 400 ಪುಟಗಳನ್ನು ಮೀರಿದ ಮಸೂದೆಯೊಂದು ಬಹುಮತದ ಬಲದಿಂದ ಅಂಗೀಕಾರವಾಯಿತು. ಲೆಕ್ಕ ಕೇಳುವ ಸದನದ ಅಧಿಕಾರಕ್ಕಾಗಿ ಒಂದು ಸರ್ಕಾರವನ್ನು ಬೀಳಿಸಿಯೂ ಅಲ್ಲಿಯ ಜನಕ್ಕೆ ದೊರೆತುದು ಲೆಕ್ಕಕ್ಕೆ ಇನ್ನೂ ಕಡಿಮೆ ಬಗ್ಗುವ ಸರ್ಕಾರ.

ಇದನ್ನು ನೋಡಿ, ವಿದ್ವಾಂಸರಿಗೆ ರಾಜಕೀಯ ಒಗ್ಗದೆಂದು ಹೇಳುವವರುಂಟು. ನಾನು ಈ ಮಾತನ್ನು ಒಪ್ಪಲಾರೆ. ಲೆಸ್ಟರ್ ಪಿಯರ್‌ಸನ್ ಅವರೂ ಚರಿತ್ರೆಯ ಅಧ್ಯಾಪಕರಾಗಿದ್ದು ರಾಯಭಾರಿಯಾಗಿ ಬಂದವರು. 1957ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದವರು. 1958ರ ಜನವರಿಯಲ್ಲಿ ವಿರೋಧಪಕ್ಷದ ನಾಯಕರಾದ ಕೂಡಲೇ, ಚುನಾವಣೆಯಿಲ್ಲದೆ ಅಧಿಕಾರವನ್ನು ತಮ್ಮ ಪಕ್ಷಕ್ಕೆ ಬಿಟ್ಟುಕೊಡಬೇಕೆಂದು ಅವರು ಸದನದಲ್ಲಿ ಕೇಳಿದರು. ಪ್ರಧಾನಿ ಡೀಫನ್‌ಬೇಕರ್ ಆ ಮಾತನ್ನು ಚಿಂದಿ ಮಾಡಿ, ಚುನಾವಣೆ ನಡೆಸಿ 265ರಲ್ಲಿ 208 ಸ್ಥಾನ ಗೆದ್ದರು. ಪಿಯರ್‌ಸನ್ ಅವರ ಸಂಗಡ ಉಳಿದವರು ಐವತ್ತು ಮಂದಿಯೂ ಇಲ್ಲ. ಅವರು ಎದೆಗುಂದಲಿಲ್ಲ. ಕೆಲವೇ ಸಮರ್ಥರನ್ನು ಕಟ್ಟಿಕೊಂಡು ಐದು ವರ್ಷ ಸದನದಲ್ಲಿ ದಿನದಿನವೂ ಸರ್ಕಾರವನ್ನು ಎದುರಿಸಿದರು; 1963ರಲ್ಲಿ ಪ್ರಧಾನಿಯಾದರು. ಅವರ ವಿದ್ಯೆ ಅಡ್ಡಿಯಾಗಲಿಲ್ಲ. ವಿದ್ಯೆಯ ಜೊತೆಗೆ ಹಾಜರಿಯೂ ಹಟವೂ ಅವರಲ್ಲಿ ಇದ್ದವು.

ಇಗ್ನಾಟಿಯೆಫ್ ಅವರು ತಮ್ಮ ಸೋಲಿನ ಕಥೆಯನ್ನು 2013ರಲ್ಲಿ ‘ಫೈರ್ ಅಂಡ್ ಆಶಸ್’ ಎಂಬ ಪುಸ್ತಕವಾಗಿ ಬರೆದರು. ತಪ್ಪುಗಳನ್ನು ಮುಚ್ಚಿಡದೆ ಬರೆದ ಆ ಗ್ರಂಥವನ್ನು ರಾಜಕೀಯದ ವಿದ್ಯಾರ್ಥಿಗಳು ಓದತಕ್ಕದ್ದು. ಎದುರಾಳಿಗಳು ತನ್ನ ವಾದವನ್ನು ಖಂಡಿಸುವ ಗೋಜಿಗೇ ಹೋಗಲಿಲ್ಲ, ವಾದಿಸುವ ಅರ್ಹತೆಯನ್ನೇ ಕಿತ್ತುಕೊಂಡರು ಎಂಬುದು ಅದರ ಮುಖ್ಯ ವಿಚಾರಗಳಲ್ಲೊಂದು. ಅದರಲ್ಲಿ ಸತ್ಯಾಂಶವುಂಟು. ಆದರೆ ಪೂರ್ಣ ಸತ್ಯ ಬೇರೆ. ಕೇಳಿಸಿಕೊಳ್ಳುವ ಅರ್ಹತೆ ವಂಶದಿಂದಾಗಲಿ, ಗ್ರಂಥಗಳಿಂದಾಗಲಿ, ಊರಿನಲ್ಲೇ ಉಳಿದ ವರ್ಷಗಳಿಂದಾಗಲಿ ಬರುವುದಿಲ್ಲ. ಆಡಿದ ಒಂದೊಂದು ಮಾತನ್ನೂ ನಡೆಸಿ ತೋರಿಸಿದಾಗ ಕಾಸುಕಾಸಾಗಿ ಕೂಡುತ್ತದೆ. ಎದುರಾಳಿಗಳು ಕಿತ್ತುಕೊಂಡರೆನ್ನುವ ಆ ಗಂಟಿನಲ್ಲಿ ಬಹುಪಾಲನ್ನು ಅವರೇ ಮೊದಲು ಖರ್ಚುಮಾಡಿದ್ದರು.

ಈ ಮನುಷ್ಯರಲ್ಲಿ ನಿಲ್ಲುವ ಶಕ್ತಿಯೇ ಇರಲಿಲ್ಲವೆಂದೂ ಹೇಳುವಂತಿಲ್ಲ. 2016ರಿಂದ 2021ರವರೆಗೆ ಅವರು ಬುಡಾಪೆಸ್ಟಿನ ಸೆಂಟ್ರಲ್ ಯುರೋಪಿಯನ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದರು. ಹಂಗೆರಿಯ ಸರ್ಕಾರ ಆ ಸಂಸ್ಥೆಯ ಕತ್ತು ಹಿಚುಕಲು ಬಂದಾಗ ಎದುರು ನಿಂತು, ಅದನ್ನು ವಿಯೆನ್ನಾ ನಗರಕ್ಕೆ ಒಯ್ದು ಉಳಿಸಿದರು. ತಾನು ನಂಬಿದ್ದು ಯಾವುದೆಂದು ಸ್ಪಷ್ಟವಾಗಿದ್ದಾಗ ಅದೇ ನಾಲಿಗೆಗೆ ಅದೇ ಕೈ ಜೊತೆಗೂಡಿತು. ಆಟವಾದಲ್ಲಿ ಅವರಿಗಿದ್ದ ಆಸೆ ಪ್ರಧಾನಿಯಾಗಬೇಕೆಂಬುದು. ವಿರೋಧಪಕ್ಷದ ಪೀಠ ಅದಕ್ಕೆ ಮೆಟ್ಟಿಲು ಮಾತ್ರವೆಂದು ಅವರು ಭಾವಿಸಿದಂತೆ ತೋರುತ್ತದೆ. ಮೆಟ್ಟಿಲೆಂದುಕೊಂಡವನು ಅದರ ಮೇಲೆ ಕಾಲೂರಿ ನಿಲ್ಲುವುದಿಲ್ಲ. ಅದೂ ಒಂದು ನೆಲೆ, ಅಲ್ಲಿಯೂ ಮಾಡಿ ಮುಗಿಸಬೇಕಾದ ಕೆಲಸವಿದೆ ಎಂದು ತಿಳಿದವನು ನಿಲ್ಲುತ್ತಾನೆ.

ನುಡಿಗೂ ನಡೆಗೂ ನಡುವೆ ಬಿರುಕು ಬಿಟ್ಟರೆ ಬದುಕು ಹಾಳೆಂದು ನಮ್ಮ ವಚನಕಾರರು ಎಂಟುನೂರು ವರ್ಷಗಳಿಗೂ ಹಿಂದೆ ಕಂಡುಕೊಂಡಿದ್ದರು. ತರಗತಿಗಳಲ್ಲಿ ನಾವು ಅದನ್ನು ವ್ಯಕ್ತಿಯ ಧರ್ಮವೆಂದು ಪಾಠ ಹೇಳುತ್ತೇವೆ. ಕೆನಡಾದ ಈ ಪ್ರಕರಣವನ್ನು ನೋಡಿದ ಮೇಲೆ ಅದು ರಾಜ್ಯದ ಧರ್ಮವೂ ಹೌದೆಂದು ಹೇಳಬೇಕಾಗಿದೆ. ‘ಬೇಡ’ ಎಂಬ ಮಾತು ಪಾರ್ಲಿಮೆಂಟಿನಲ್ಲಿ ವಿರೋಧಪಕ್ಷಕ್ಕಿರುವ ಒಂದೇ ಆಸ್ತಿ. ಅದನ್ನು ಆಡಿದಾಗ ಆ ಕಡೆಯ ಸಾಲಿನವರು ಬೆಚ್ಚಬೇಕು, ಗ್ಯಾಲರಿಯಲ್ಲಿ ಕುಳಿತವರು ಎದ್ದು ನೋಡಬೇಕು. ಹಾಗಾಗಬೇಕಾದರೆ, ‘ಬೇಡ’ವೆಂದವನ ಕೈ ಮತದ ವೇಳೆಯಲ್ಲಿ ಮೇಲೆದ್ದಿರಬೇಕು, ಅವನು ಆ ದಿನ ಅಲ್ಲಿ ಇರಬೇಕು.